ತಟ್ಟೆಯ ವೇಗವೂ ಹಾಡಿನ ಶ್ರುತಿಯೂ

ಗ್ರಾಮಾಫೋನು ಕೆಟ್ಟಿತೆಂದರೆ ಜನರು ಮೊದಲು ಮುಳ್ಳನ್ನು ಶಂಕಿಸುವರು. ಅದು ಸರಿಯಾಗಿದ್ದರೆ ಕೀಲಿ ಕೊಡುವ ದೊಡ್ಡ ಸ್ಪ್ರಿಂಗನ್ನು. ತಿರುಗುವ ತಟ್ಟೆಯ ಕೆಳಗೆ, ಹಲಗೆಯ ಮರೆಯಲ್ಲಿ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಮೂರು ಗುಂಡುಗಳನ್ನು ಹೊತ್ತು ಸುತ್ತುವ ಒಂದು ಸಣ್ಣ ಸಾಧನವಿದೆಯೆಂದೂ, ಹಾಡಿದವರ ಕಂಠವು ಅವರ ಕಂಠವಾಗಿಯೇ ನಮ್ಮ ಕಿವಿಗೆ ಬೀಳುವುದು ಅದರ ಕೃಪೆಯಿಂದಲೇ ಎಂದೂ ಬಲ್ಲವರು ವಿರಳ. ನಾನೂ ಅರುವತ್ತು ದಾಟುವವರೆಗೆ ಬಲ್ಲವನಾಗಿರಲಿಲ್ಲ. ನಮ್ಮ ಅಕ್ಕನವರು ಆಡಿದ ಒಂದು ಮಾತಿನಿಂದ ನನಗೆ ಈ ವಿಷಯದಲ್ಲಿ ಕಣ್ಣು ತೆರೆಯಿತು.

ನಮ್ಮ ತೀರ್ಥರೂಪರವರು ಕೊಂಡಿದ್ದ ಒಂದು ಹಿಸ್ ಮಾಸ್ಟರ್ಸ್ ವಾಯ್ಸ್ ಯಂತ್ರವು ಇಂದಿಗೂ ಮನೆಯಲ್ಲಿದೆ. 1931ರಿಂದ ಬಹುಕಾಲ ತಯಾರಾದ 102 ಎಂಬ ಮಾದರಿ. ಮುಚ್ಚಿದರೆ ಕೈಪೆಟ್ಟಿಗೆ, ತೆರೆದರೆ ಸಂಗೀತಶಾಲೆ. ಮೂರು ವರ್ಷಗಳ ಹಿಂದೆ ಅದು ಹಾಡುತ್ತಿದ್ದಂತೆಯೇ ಒಂದು ಸಾರಿ ಕಿರುಗುಟ್ಟಿ, ಹುಚ್ಚು ಹಿಡಿದಂತೆ ವೇಗವಾಗಿ ಓಡಿ, ಕೀಲಿಯೆಲ್ಲ ಬಿಚ್ಚಿಕೊಂಡು ನಿಂತಿತು. ದೂರದ ಪಟ್ಟಣದ ಒಂದು ಕಾರ್ಯಾಗಾರಕ್ಕೆ ಕಳುಹಿಸಿ ದುರಸ್ತಿ ಮಾಡಿಸಿದೆನು. ಮರಳಿ ಬಂದ ಯಂತ್ರದ ಮೇಲೆ, ಹೆಸರಿನ ಕಾಗದವು ಸವೆದುಹೋಗಿದ್ದ ಒಂದು ಹಳೆಯ ನಾಟಕದ ಹಾಡಿನ ಪ್ಲೇಟನ್ನು ಇಟ್ಟಾಗ, ಒಳಮನೆಯಲ್ಲಿದ್ದ ಅಕ್ಕನವರು ಹೊರಕ್ಕೆ ಬಂದು, “ಇದು ಆಕೆಯಲ್ಲ ಕಣೋ. ಯಾರೋ ಮುದುಕಿ, ಅದೂ ನೆಗಡಿಯಾದವಳು ಹಾಡುತ್ತಿದ್ದಾಳೆ” ಎಂದರು. ನಾನು ನಕ್ಕೆನು. ಆಕೆ ನಗಲಿಲ್ಲ. ಹಾರ್ಮೋನಿಯಮ್ಮನ್ನು ಎಳೆದುಕೊಂಡು ತಿದಿಯೊತ್ತಿ ತೋರಿಸಿದರು. ಬಾಲ್ಯದಲ್ಲಿ ಆ ಹಾಡನ್ನು ಅದೇ ಯಂತ್ರದಿಂದ, ಅದೇ ಹಾರ್ಮೋನಿಯಮ್ಮಿನ ಜತೆಯಲ್ಲಿ ಕಲಿತವರು ಆಕೆ. ಹಾಡಿದಾಕೆಯ ಷಡ್ಜವು ಆಗ ಐದನೆಯ ಮನೆಯಲ್ಲಿತ್ತು. ಈಗ ನಾಲ್ಕೂವರೆಯಲ್ಲಿತ್ತು, ಅಲ್ಲಿಯೂ ಸ್ಥಿರವಾಗಿ ನಿಲ್ಲದೆ ನಡುಗುತ್ತಿತ್ತು.

ಪಾಠಶಾಲೆಯಲ್ಲಿ ಓದಿದವರಿಗೆ ಇದು ಒಂದು ವಿಚಿತ್ರವಾದ ಸಂಗತಿಯಾಗಿ ತೋರುವುದು. ಪಾಣಿನೀಯ ಶಿಕ್ಷೆಯು ಅಧಮ ಪಾಠಕರನ್ನು ಎಣಿಸುವಾಗ ಅವಸರದಿಂದ ಓದುವವನನ್ನೂ ಸೇರಿಸಿದೆ. ಆದರೆ ಅಂಥವನು ಎಷ್ಟೇ ಅವಸರಪಟ್ಟರೂ ಅವನ ಉದಾತ್ತ ಅನುದಾತ್ತಗಳ ಎತ್ತರವು ಬದಲಾಗಬೇಕಾಗಿಲ್ಲ. ಮನುಷ್ಯಕಂಠದಲ್ಲಿ ಲಯವೇ ಬೇರೆ, ಶ್ರುತಿಯೇ ಬೇರೆ; ವಿಲಂಬದಲ್ಲಿ ಹಾಡಿದ್ದನ್ನು ದ್ರುತದಲ್ಲಿ ಹಾಡಿದರೂ ಆಧಾರಷಡ್ಜವು ಅಲುಗದು. ಯಂತ್ರಕ್ಕೆ ಈ ಭೇದವಿಲ್ಲ. ಗೆರೆಯಲ್ಲಿ ಕೊರೆದಿರುವ ಅಲೆಗಳು ಮುಳ್ಳಿನ ಕೆಳಗೆ ಬೇಗ ಹರಿದರೆ ಲಯವೂ ಏರುವುದು, ಶ್ರುತಿಯೂ ಏರುವುದು. ತಡವಾಗಿ ಹರಿದರೆ ಎರಡೂ ಇಳಿಯುವುವು. ಲೆಕ್ಕ ಹೀಗಿದೆ: ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ತಟ್ಟೆಯು ಸುಮಾರು 73½ ಸುತ್ತು ತಿರುಗಿದರೆ ಇಡೀ ಹಾಡು ಒಂದು ಸ್ವರಸ್ಥಾನದಷ್ಟು ಕೆಳಗಿಳಿಯುತ್ತದೆ. ನಾಲ್ಕೂವರೆ ಸುತ್ತಿನ ಕೊರತೆ ಕಣ್ಣಿಗೆ ಕಾಣುವಂಥದಲ್ಲ. ಆದರೆ ಹರೆಯದ ಹೆಣ್ಣನ್ನು ಮುದುಕಿಯನ್ನಾಗಿ ಮಾಡಲು ಅಷ್ಟು ಸಾಕು.

ಹಾಗಾದರೆ ಆ ವೇಗವನ್ನು ಕಾಯುವವರು ಯಾರು? ಎಡಿಸನ್ನನು 1877ರಲ್ಲಿ ಮಾಡಿದ ಮೊದಲ ಫೋನೋಗ್ರಾಫಿನಲ್ಲಿ ತವರದ ಹಾಳೆ ಸುತ್ತಿದ ಉರುಳೆಯನ್ನು ಕೈಯಿಂದಲೇ ತಿರುಗಿಸಬೇಕಾಗಿತ್ತು. ಚಪ್ಪಟೆಯಾದ ತಟ್ಟೆಯನ್ನು ತಂದವನು ಎಮಿಲ್ ಬರ್ಲಿನರ್. ಅವನ ಗ್ರಾಮಾಫೋನಿನ ಮೊದಲ ಪೇಟೆಂಟು 1887ರದು. ಅವನ ಆರಂಭದ ಯಂತ್ರಗಳೂ ಕೈಯಿಂದ ತಿರುಗಿಸುವಂಥವೇ. ತಿರುಗಿಸುವವನ ಕೈಗೆ ದಣಿವಾದರೆ ಗಾಯಕನಿಗೂ ದಣಿವು. ಮಕ್ಕಳ ಕೈಗೆ ಸಿಕ್ಕಿದರೆ ಗಂಭೀರವಾದ ಸ್ತೋತ್ರವೂ ಕೋತಿಯ ಕಿರಿಚಾಟ. ಅದನ್ನು ಆಟದ ಸಾಮಾನೆಂದು ಜನರು ಹೀಯಾಳಿಸಿದ್ದರೆ ತಪ್ಪೆನ್ನಲಾಗದು.

ಈ ಅವಸ್ಥೆಯಿಂದ ಗ್ರಾಮಾಫೋನನ್ನು ಉದ್ಧರಿಸಿದವನು ಅಮೆರಿಕಾದ ನ್ಯೂಜೆರ್ಸಿ ಪ್ರಾಂತದ ಕ್ಯಾಮ್ಡನ್ ಎಂಬ ಊರಿನಲ್ಲಿ ಒಂದು ಚಿಕ್ಕ ಯಂತ್ರಶಾಲೆಯನ್ನು ನಡೆಸುತ್ತಿದ್ದ ಎಲ್ಡ್ರಿಜ್ ಜಾನ್ಸನ್. 1896ರಲ್ಲಿ ಅವನು ಬರ್ಲಿನರನ ಯಂತ್ರಕ್ಕೆ ಸ್ಪ್ರಿಂಗಿನ ಮೋಟಾರನ್ನು ಮಾಡಿಕೊಟ್ಟನು. ನಾಯಿಯು ಕಹಳೆಗೆ ಕಿವಿಗೊಟ್ಟು ಕುಳಿತಿರುವ ಚಿತ್ರವನ್ನು ನೋಡದವರಾರು? ಫ್ರಾನ್ಸಿಸ್ ಬರಾಡ್ ಎಂಬ ಚಿತ್ರಕಾರನು ಮೊದಲು ಅದರಲ್ಲಿ ಎಡಿಸನ್ನನ ಬಗೆಯ ಉರುಳೆಯ ಯಂತ್ರವನ್ನು ಬರೆದಿದ್ದು, 1899ರಲ್ಲಿ ಅದನ್ನು ಅಳಿಸಿ ಗ್ರಾಮಾಫೋನನ್ನು ಬರೆದನು. ಆ ನಾಯಿಯ ಮುಂದಿರುವುದು ಜಾನ್ಸನ್ನನ ಮೋಟಾರುಳ್ಳ ಯಂತ್ರವೇ. ನಾಯಿಯು ಒಡೆಯನ ಧ್ವನಿಯನ್ನು ಗುರುತಿಸಿದ್ದರೆ ಅದಕ್ಕೆ ಕಾರಣವಾದದ್ದು ಪೆಟ್ಟಿಗೆಯೊಳಗಿನ ಗುಂಡುಗಳು. ಅವು ಮಾತ್ರ ಚಿತ್ರದಲ್ಲಿ ಕಾಣಿಸುವುದಿಲ್ಲ.

ಸ್ಪ್ರಿಂಗಿನ ಸ್ವಭಾವವೇನೆಂದರೆ, ಕೀಲಿ ಪೂರ್ತಿಯಾಗಿ ಇರುವಾಗ ಬಲವಾಗಿ ಎಳೆಯುವುದು, ಬಿಚ್ಚಿದಂತೆಲ್ಲ ಸಡಿಲವಾಗುವುದು. ಅದಕ್ಕೆ ಸ್ವಾತಂತ್ರ್ಯ ಕೊಟ್ಟರೆ ಹಾಡು ಮೇಲಿನ ಸ್ಥಾಯಿಯಲ್ಲಿ ತೊಡಗಿ ಪಾತಾಳದಲ್ಲಿ ಮುಗಿದೀತು. ಅದನ್ನು ಹಿಡಿತದಲ್ಲಿಡುವ ವೇಗನಿಯಾಮಕಕ್ಕೆ ಗವರ್ನರು ಎಂದು ಹೆಸರು. ಇದರ ವಂಶ ಹಳೆಯದು. ಗಾಳಿಗಿರಣಿಗಳಲ್ಲಿ ಬೀಸುವ ಕಲ್ಲುಗಳ ನಡುವಣ ಅಂತರವನ್ನು ಕಾಯಲು ತಿರುಗುವ ಗುಂಡುಗಳನ್ನು ಬಳಸುತ್ತಿದ್ದರು. 1788ರಲ್ಲಿ ಜೇಮ್ಸ್ ವಾಟನು ಆ ಉಪಾಯವನ್ನು ತನ್ನ ಹಬೆಯಂತ್ರಕ್ಕೆ ಅಳವಡಿಸಿದನು. ಕವಣೆಯ ಕಲ್ಲು ಹೊರಕ್ಕೆ ಜಗ್ಗುವಂತೆ, ವೇಗ ಹೆಚ್ಚಿದಷ್ಟೂ ಗುಂಡುಗಳು ಹೊರಕ್ಕೆ ಸರಿಯುವುವು. ಆ ಸರಿತದಿಂದಲೇ ಹಬೆಯ ಬಾಗಿಲನ್ನು ಕಿರಿದುಮಾಡುವುದು ವಾಟನ ತಂತ್ರ. 1868ರಲ್ಲಿ ಮಾಕ್ಸ್‌ವೆಲ್ ಎಂಬ ಮಹಾಪಂಡಿತನು ಇಂಥ ಸಾಧನಗಳನ್ನು ಕುರಿತೇ ಒಂದು ಗಣಿತಪ್ರಬಂಧವನ್ನು ಬರೆದು, ವೇಗ ಹೆಚ್ಚಿದಾಗ ತಡೆಯನ್ನು ಹೆಚ್ಚಿಸುವಂಥವು, ವೇಗವನ್ನು ಮತ್ತೆ ಮೊದಲಿನ ಸ್ಥಾನಕ್ಕೇ ತರುವಂಥವು ಎಂದು ಎರಡು ವರ್ಗಗಳನ್ನು ಮಾಡಿದನು. ನಮ್ಮ ಗ್ರಾಮಾಫೋನಿನದು ಮೊದಲನೆಯ ವರ್ಗದ್ದು. ಮಾಕ್ಸ್‌ವೆಲ್ಲನ ಎಣಿಕೆಯಲ್ಲಿ ಅದಕ್ಕೆ ಗವರ್ನರೆಂಬ ಹೆಸರೂ ಸಲ್ಲದು!

ಅದರ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಿಡಿಭಾಗಗಳ ಕಷ್ಟವೆಲ್ಲ ಇಲ್ಲಿಯೇ ಇದೆ. ಒಂದು ಸಣ್ಣ ಉಕ್ಕಿನ ಕಡ್ಡಿ. ಅದರ ಮೇಲೆ ತಿರುಪಿನಂತೆ ಸುರುಳಿ ಹಲ್ಲು. ದೊಡ್ಡ ಹಲ್ಲುಚಕ್ರವು ಈ ಸುರುಳಿಯನ್ನು ತಿರುಗಿಸುವುದರಿಂದ ತಟ್ಟೆಯು ಒಂದು ಸುತ್ತು ತಿರುಗುವಷ್ಟರಲ್ಲಿ ಕಡ್ಡಿಯು ಹಲವು ಸುತ್ತು ತಿರುಗಿಬಿಡುತ್ತದೆ. ಕಡ್ಡಿಯ ಒಂದು ಕೊನೆಯಲ್ಲಿ ಕದಲದ ಒಂದು ಬಿಲ್ಲೆ, ಇನ್ನೊಂದು ಕಡೆ ಕಡ್ಡಿಯುದ್ದಕ್ಕೂ ಜಾರಬಲ್ಲ ಮತ್ತೊಂದು ಬಿಲ್ಲೆ. ಎರಡಕ್ಕೂ ನಡುವೆ ಮೂರು ತೆಳುವಾದ ಉಕ್ಕಿನ ಪಟ್ಟಿಗಳು. ಪ್ರತಿಯೊಂದರ ಮಧ್ಯದಲ್ಲಿ ಒಂದು ಗುಂಡು. ಸುತ್ತು ಹೆಚ್ಚಿದಾಗ ಗುಂಡುಗಳು ಹೊರಕ್ಕೆ ಚಿಮ್ಮಿ, ಪಟ್ಟಿಗಳು ಬಿಲ್ಲಿನಂತೆ ಬಾಗಿ, ಜಾರುವ ಬಿಲ್ಲೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಆ ಬಿಲ್ಲೆಯ ಅಂಚು ಒಂದು ತೊಗಲಿನ ಚೂರಿಗೆ ಉಜ್ಜಿ ತಡೆಯುಂಟಾಗುತ್ತದೆ. ವೇಗ ತಗ್ಗಿದೊಡನೆ ಉಜ್ಜುವುದೂ ತಗ್ಗುತ್ತದೆ. ಹೊರಗಿನಿಂದ ನಾವು ಸರಿಸುವ ವೇಗದ ಕಡ್ಡಿಯು ಮಾಡುವ ಕೆಲಸವಿಷ್ಟೆ: ಆ ತೊಗಲಿನ ಚೂರನ್ನು ಹತ್ತಿರಕ್ಕೋ ದೂರಕ್ಕೋ ಇಡುವುದು.

ಈಗ ಕೆಡುವ ವಿಧಗಳನ್ನು ನೋಡೋಣ. ತೊಗಲು ಒಣಗಿದರೆ ಕಿರುಗುಟ್ಟುವುದು. ಎರಡು ತೊಟ್ಟು ಎಣ್ಣೆಯಿಂದ ವಾಸಿಯಾಗುವ ರೋಗ ಅದು. ಪಟ್ಟಿ ಮುರಿಯುವುದು ದೊಡ್ಡ ರೋಗ. ಒಂದು ಮುರಿದರೂ ಮೂರನ್ನೂ ಬದಲಿಸಬೇಕೆಂಬುದು ಬಲ್ಲವರ ನಿಯಮ, ಏಕೆಂದರೆ ಮೂರೂ ಒಂದೇ ಉದ್ದ, ಒಂದೇ ಅಗಲ, ಒಂದೇ ದಪ್ಪ ಇರದಿದ್ದರೆ ತೂಕ ತಪ್ಪಿ ಕಡ್ಡಿ ನಡುಗುತ್ತದೆ. ದಪ್ಪದ ವಿಷಯದಲ್ಲಿ ಪ್ರಕೃತಿಯು ಬಹು ಕಟ್ಟುನಿಟ್ಟು. ಬಾಗುವ ಪಟ್ಟಿಯ ಬಿಗುವು ಅದರ ದಪ್ಪದ ಘನವನ್ನು ಅನುಸರಿಸುವುದು. ದಪ್ಪದಲ್ಲಿ ಹತ್ತನೆಯ ಒಂದು ಪಾಲು ಕಡಿಮೆಯಾದರೆ ಬಿಗುವಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚೇ ಕಡಿಮೆಯಾಗುವುದು. ಕಾಗದಕ್ಕಿಂತ ಸ್ವಲ್ಪವೇ ದಪ್ಪನಾದ ಉಕ್ಕಿನಲ್ಲಿ ಹತ್ತನೆಯ ಒಂದು ಪಾಲನ್ನು ಯಾವ ಕಣ್ಣು ತಾನೇ ಕಂಡೀತು?

ನಮ್ಮ ಯಂತ್ರಕ್ಕೆ ಆದದ್ದು ಇದೇ. ಕಾರ್ಯಾಗಾರದವರು ಮೂರು ಪಟ್ಟಿಗಳನ್ನೂ ಬದಲಿಸಿದ್ದರು. ಆದರೆ ಮೂರೂ ಹಳೆಯವಕ್ಕಿಂತ ತೆಳುವಾಗಿದ್ದುವು. ಗುಂಡುಗಳು ಕಾಲಕ್ಕೆ ಮುಂಚೆಯೇ ಚಿಮ್ಮಿ ತಡೆಯನ್ನು ಒತ್ತುತ್ತಿದ್ದುದರಿಂದ ವೇಗದ ಕಡ್ಡಿಯನ್ನು ಕೊನೆಯವರೆಗೆ ಸರಿಸಿದರೂ ತಟ್ಟೆಯು 72 ಸುತ್ತನ್ನು ದಾಟುತ್ತಿರಲಿಲ್ಲ. ಅದಲ್ಲದೆ ಒಂದು ಪಟ್ಟಿಯ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಬಿದ್ದಿತ್ತು. ನಡುಕಕ್ಕೆ ಕಾರಣ ಅದು. ಕಾಗದ ಬರೆದು ಕೇಳಿದೆನು. “ಹಳೆಯ ಯಂತ್ರ, ಹಾಗೆಯೇ ಹಾಡುವುದು” ಎಂಬ ಉತ್ತರ ಬಂದಿತು. ಯಂತ್ರ ಹಳೆಯದೆಂಬುದು ನಮಗೂ ತಿಳಿದೇ ಇತ್ತು. ಆದರೂ ಅವರಲ್ಲಿ ಒಂದು ಗುಣವಿತ್ತೆಂದು ಹೇಳದೆ ಹೋದರೆ ಅನ್ಯಾಯವಾದೀತು: ಮುರಿದದ್ದನ್ನೂ ಮುರಿಯದ ಎರಡನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ ಹಿಂದಿರುಗಿಸಿದ್ದರು.

ಆಮೇಲಿನ ಎಂಟು ತಿಂಗಳು ನಾನು ಮಾಡಿದ ಅನ್ವೇಷಣೆಯನ್ನು ವಿಸ್ತರಿಸಿದರೆ ವಾಚಕರಿಗೆ ಬೇಸರವಾದೀತು. ಬೆಂಗಳೂರಿನ ಭಾನುವಾರದ ಹಳೆಯ ಸಾಮಾನಿನ ಸಂತೆಯಲ್ಲಿ ಹಿತ್ತಾಳೆಯ ಕಹಳೆಗಳು ಬೇಕಾದಷ್ಟು ದೊರೆತುವು; ಅಲಂಕಾರಕ್ಕಾಗಿ ಹೊಸದಾಗಿ ಮಾಡಿದವು, ಕೆಳಗಿನ ಪೆಟ್ಟಿಗೆಯೂ ಹೊಸದು, ಒಳಗೆ ಎಲ್ಲಿಯದೋ ಮೋಟಾರು. ಸೋದರಳಿಯನು ಮುಂಬಯಿಯ ಚೋರ್ ಬಜಾರಿನಿಂದ ಒಂದು ಸತ್ತ ಮೋಟಾರನ್ನು ತಂದನು. ಅದರ ಗವರ್ನರು ಇಡಿಯಾಗಿಯೇ ಚೆನ್ನಾಗಿತ್ತು. ಆದರೆ ಸ್ವಿಟ್ಜರ್ಲೆಂಡಿನ ಮೋಟಾರು, ಸುರುಳಿ ಹಲ್ಲಿನ ಓರೆ ಬೇರೆ, ನಮ್ಮ ಚಕ್ರಕ್ಕೆ ಕಚ್ಚಲಿಲ್ಲ. ಜಗತ್ತಿನ ಗ್ರಾಮಾಫೋನುಗಳಿಗೆ ಮೋಟಾರು ಮಾಡುತ್ತಿದ್ದವರು ಒಬ್ಬಿಬ್ಬರಲ್ಲ. ಸ್ವಿಟ್ಜರ್ಲೆಂಡಿನ ಸೇಂತ್ ಕ್ರುವಾ ಊರಿನ ಥೋರೆನ್ಸ್ ಮತ್ತು ಪೈಯಾರ್ ಮನೆತನಗಳು, ಇಂಗ್ಲೆಂಡಿನ ಸ್ವಿಂಡನ್ನಿನ ಗ್ಯಾರಾರ್ಡ್ ಕಾರ್ಖಾನೆ, ಹೀಗೆ ಹಲವರು. ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೊಂದದು. ಕೊನೆಗೆ ನೆರವಾದವರು ನಮ್ಮ ಊರಿನ ಗಡಿಯಾರ ರಿಪೇರಿಯವರೇ. ಮುರಿಯದೆ ಉಳಿದಿದ್ದ ಎರಡು ಪಟ್ಟಿಗಳ ದಪ್ಪವನ್ನೂ, ತೂತಿನಿಂದ ತೂತಿಗೆ ಇರುವ ಅಂತರವನ್ನೂ ಅಳೆದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಇಂಗ್ಲೆಂಡಿನಲ್ಲಿ ಇಂಥ ಪಟ್ಟಿಗಳನ್ನು ಇಂದಿಗೂ ಅಳತೆಗೆ ತಕ್ಕಂತೆ ಮಾರುವವರಿದ್ದಾರೆ. ಮೂರು ಪಟ್ಟಿಗಳು, ಆರು ಸಣ್ಣ ತಿರುಪುಗಳು ಅಂಚೆಯಲ್ಲಿ ಬಂದುವು. ಲಕೋಟೆಯ ತೂಕವೇ ಅವುಗಳಿಗಿಂತ ಹೆಚ್ಚು.

ವಿದ್ಯುತ್ತಿನ ಯಂತ್ರಗಳಿಗೆ ಈ ಕಷ್ಟವಿಲ್ಲವೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಕಷ್ಟವಿದೆ, ರೂಪ ಬೇರೆ. 1954ರಲ್ಲಿ ಹೊರಬಂದ ಗ್ಯಾರಾರ್ಡ್ 301 ಎಂಬ ಯಂತ್ರವನ್ನು ಬಲ್ಲವರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಅದರ ಮೋಟಾರು ಮನೆಗೆ ಬರುವ ವಿದ್ಯುತ್ತಿನ ಆವರ್ತನೆಯನ್ನು ಅನುಸರಿಸಿ ತಿರುಗುವುದು. ಮೋಟಾರಿನ ತಲೆಯ ಮೇಲೆ ಮೆಟ್ಟಿಲಾಕಾರದ ಹಿತ್ತಾಳೆಯ ರಾಟೆ, ಅದಕ್ಕೂ ತಟ್ಟೆಗೂ ನಡುವೆ ರಬ್ಬರಿನ ಚಕ್ರ. ಸೂಕ್ಷ್ಮವಾಗಿ ವೇಗವನ್ನು ತಿದ್ದಲು, ತಿರುಗುವ ಲೋಹದ ಬಿಲ್ಲೆಯ ಹತ್ತಿರಕ್ಕೆ ಅಯಸ್ಕಾಂತವನ್ನು ತಂದು, ಮುಟ್ಟದೆಯೇ ತಡೆಯೊಡ್ಡುವ ಉಪಾಯ. ಇಲ್ಲಿ ಬಿಡಿಭಾಗ ಹುಡುಕುವವನು ಬೀಳುವ ಹಳ್ಳ ಆ ರಾಟೆ. ನಮ್ಮಲ್ಲಿಯೂ ಇಂಗ್ಲೆಂಡಿನಲ್ಲಿಯೂ ವಿದ್ಯುತ್ತು ಕ್ಷಣಕ್ಕೆ 50 ಆವರ್ತನೆಯದು, ಅಮೆರಿಕಾದಲ್ಲಿ 60. ಅಲ್ಲಿಗಾಗಿ ಮಾಡಿದ ರಾಟೆಯನ್ನು ಇಲ್ಲಿ ಹಾಕಿದರೆ ವೇಗವು ಆರರಲ್ಲಿ ಐದು ಪಾಲಾಗುವುದು. 78ರ ಪ್ಲೇಟು 65 ಸುತ್ತು ತಿರುಗುವುದು. ಸಂಗೀತಶಾಸ್ತ್ರವನ್ನು ಓದಿದವರು ಆರಕ್ಕೆ ಐದೆಂಬ ಈ ಪ್ರಮಾಣವನ್ನು ಕಂಡೊಡನೆ ಗುರುತಿಸಿಯಾರು. ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅಂತರ ಅದು. ಎಂದರೆ ತಪ್ಪು ರಾಟೆಯು ಸಹ ಶಾಸ್ತ್ರೋಕ್ತವಾಗಿಯೇ ತಪ್ಪುವುದು!

ಅನಂತರದ ಯಂತ್ರಗಳನ್ನು ಕುರಿತು ನನಗೆ ಅಷ್ಟು ಪ್ರೀತಿಯಿಲ್ಲ. ಜಪಾನಿನ ಟೆಕ್ನಿಕ್ಸ್ ಕಾರ್ಖಾನೆಯವರು 1970ರ ಹೊತ್ತಿಗೆ ಮೋಟಾರಿನ ಕಡ್ಡಿಯ ಮೇಲೆಯೇ ತಟ್ಟೆಯನ್ನಿಟ್ಟರು. 1979ರ ಎಸ್‌ಎಲ್ 1200 ಎಂಕೆ 2 ಮಾದರಿಯಲ್ಲಿ ಸ್ಫಟಿಕದ ಸ್ಪಂದನವು ವೇಗವನ್ನು ಕಾಯುತ್ತದೆ. ನಿಖರತೆಯಲ್ಲಿ ಇವುಗಳ ಮುಂದೆ ನಮ್ಮ ಗುಂಡುಗಳು ನಿಲ್ಲಲಾರವು. ಆದರೆ ಅದೇ ಕೆಲಸಕ್ಕೆಂದು ಮಾಡಿದ ಎಲೆಕ್ಟ್ರಾನಿಕ್ ಚಿಪ್ಪು ಸತ್ತು, ಅದನ್ನು ಮಾಡುವುದೂ ನಿಂತರೆ, ಯಾವ ಊರಿನ ಯಾವ ಗಡಿಯಾರದವನೂ ಅದನ್ನು ಅಳೆದು ಚೀಟಿ ಬರೆದುಕೊಡಲಾರನು. 1896ರ ಯಂತ್ರವನ್ನು ಉಳಿಸಿಕೊಳ್ಳುವುದಕ್ಕಿಂತ 1979ರದನ್ನು ಉಳಿಸಿಕೊಳ್ಳುವುದು ಕೆಲವು ವಿಷಯಗಳಲ್ಲಿ ಕಷ್ಟ.

ಇನ್ನು 78 ಎಂಬ ಸಂಖ್ಯೆಯ ಮಾತು. ಇದು ಆದಿಯಿಂದಲೂ ಇದ್ದುದೆಂದು ನಾನು ನಂಬಿದ್ದೆನು. ಹಾಗಿಲ್ಲ. ಬರ್ಲಿನರನ ಕಾಲದ ತಟ್ಟೆಗಳಿಗೆ ಸುಮಾರು 70 ಸುತ್ತು. ಕೊಲಂಬಿಯಾ ಕಂಪನಿಯ ಅನೇಕ ತಟ್ಟೆಗಳಿಗೆ 80. ಫ್ರಾನ್ಸಿನ ಪಾಥೆಯವರದು 90ನ್ನು ಮುಟ್ಟುತ್ತಿದ್ದುದೂ ಉಂಟು. 1925ರ ಸುಮಾರಿಗೆ ವಿದ್ಯುತ್ತಿನ ಮುದ್ರಣ ಬಂದ ಮೇಲೆ, ನಿಮಿಷಕ್ಕೆ 3600 ಸುತ್ತಿನ ಮೋಟಾರನ್ನು 46ರಿಂದ ಭಾಗಿಸಿ 78.26 ಎಂದು ಅಮೆರಿಕಾದಲ್ಲಿ ನೆಲೆಯಾಯಿತು. 50 ಆವರ್ತನೆಯ ದೇಶಗಳಲ್ಲಿ ಅದು 77.92. ಅದಕ್ಕೆ ಮೊದಲು ಮುದ್ರಣದ ಯಂತ್ರವೂ ತೂಗುಗುಂಡಿನ ಬಲದಿಂದ, ಇಂಥದೇ ಗವರ್ನರಿನ ಕಾವಲಿನಲ್ಲಿ ತಿರುಗುತ್ತಿತ್ತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗನು ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿದಾಗ ತಟ್ಟೆಯು ಎಷ್ಟು ಸುತ್ತು ತಿರುಗಿತೆಂಬುದನ್ನು ಇಂದು ಊಹಿಸಬೇಕೇ ಹೊರತು ಆ ತಟ್ಟೆಯೇ ಹೇಳದು. ಆ ಹಾಡುಗಳು ಜರ್ಮನಿಯ ಹಾನೋವರಿನಲ್ಲಿ ಅಚ್ಚಾಗಿ ಬಂದುವು. ಕಲ್ಕತ್ತೆಯ ಸಿಯಾಲ್ದಾದಲ್ಲಿ ಅಚ್ಚಿನ ಕಾರ್ಖಾನೆಯಾದದ್ದು 1908ರಲ್ಲಿ.

ಪಾಶ್ಚಾತ್ಯ ಸಂಗೀತದವರಿಗೆ ಇಲ್ಲಿ ಒಂದು ಅನುಕೂಲವುಂಟು. ಮೈಸೂರಿನ ಜಯಚಾಮರಾಜ ಒಡೆಯರವರು ರಷ್ಯಾದ ಮೆಟ್ನರ್ ಎಂಬ ವಾಗ್ಗೇಯಕಾರನ ಕೃತಿಗಳನ್ನು 1940ರ ದಶಕದ ಕೊನೆಯ ಭಾಗದಲ್ಲಿ ತಮ್ಮ ದ್ರವ್ಯಸಹಾಯದಿಂದ ಲಂಡನ್ನಿನಲ್ಲಿ ಮುದ್ರಣಮಾಡಿಸಿದರಷ್ಟೆ. ಅವುಗಳಲ್ಲಿ ಪಿಯಾನೋ ಇದೆ. ಪಿಯಾನೋವಿನ ಶ್ರುತಿ ನಿಯತವಾದುದು. ಆದುದರಿಂದ ಕಿವಿಯಿಂದಲೇ ತಟ್ಟೆಯ ವೇಗವನ್ನು ತಿದ್ದಿಕೊಳ್ಳಬಹುದು. ನಮ್ಮ ಗಾಯಕರಿಗೋ, ಅವರವರ ಕಂಠಕ್ಕೆ ಒಪ್ಪಿದುದೇ ಷಡ್ಜ. ಒಬ್ಬಾಕೆ ಐದರಲ್ಲಿ ಹಾಡಿದಳೋ ನಾಲ್ಕೂವರೆಯಲ್ಲಿ ಹಾಡಿದಳೋ ಎಂಬುದಕ್ಕೆ ತಟ್ಟೆಯ ಹೊರಗೆ ಸಾಕ್ಷಿಯೇ ಇಲ್ಲ. ನಮ್ಮ ಹಳೆಯ ಗಾಯಕರ ಶ್ರುತಿಯ ವಿಷಯದಲ್ಲಿ ಬರೆಯುವವರು ತಮ್ಮ ಯಂತ್ರ ಎಷ್ಟು ಸುತ್ತು ತಿರುಗಿತೆಂಬುದನ್ನು ಮೊದಲು ಬರೆಯತಕ್ಕದ್ದು.

ಹೊಸ ಪಟ್ಟಿಗಳನ್ನು ಕೂಡಿಸಿದ ದಿನ ಸಂಜೆ, ಗೆರೆಗಳುಳ್ಳ ಪರೀಕ್ಷೆಯ ಕಾಗದವನ್ನು ತಟ್ಟೆಯ ಮೇಲಿಟ್ಟೆವು. ಅದರಲ್ಲಿ 77 ಕಪ್ಪು ಗೆರೆಗಳಿರುತ್ತವೆ. 50 ಆವರ್ತನೆಯ ದೀಪವು ಕ್ಷಣಕ್ಕೆ ನೂರು ಸಾರಿ ಮಿನುಗುವುದರಿಂದ, ವೇಗವು 77.92 ಆದಾಗ ಗೆರೆಗಳು ನಿಂತಂತೆ ಕಾಣುವುವು. ಈಗಿನ ಎಲ್‌ಇಡಿ ದೀಪದ ಕೆಳಗೆ ಏನೂ ತಿಳಿಯಲಿಲ್ಲ. ಕೊಟ್ಟಿಗೆಯಲ್ಲಿದ್ದ ಹಳೆಯ ಚೋಕಿನ ಟ್ಯೂಬ್‌ಲೈಟನ್ನು ತಂದು ಹಚ್ಚಬೇಕಾಯಿತು. ಗೆರೆಗಳು ನಿಂತುವು. ನಡುಕವಿರಲಿಲ್ಲ. ನಾನು ಗೆದ್ದವನಂತೆ ಆ ಪ್ಲೇಟನ್ನು ಇಟ್ಟು ಅಕ್ಕನವರನ್ನು ಕರೆದೆನು.

ಆಕೆ ಹಾರ್ಮೋನಿಯಮ್ಮಿನ ಐದನೆಯ ಮನೆಯನ್ನು ಒತ್ತಿ ತಲೆಯಲ್ಲಾಡಿಸಿದರು. ಷಡ್ಜವು ಐದಕ್ಕೂ ಐದೂವರೆಗೂ ನಡುವೆ ಎಲ್ಲಿಯೋ ಇತ್ತು. ನಾನು ಗೆರೆಗಳನ್ನು ತೋರಿಸಿ ವೇಗ ಸರಿಯಾಗಿದೆಯೆಂದು ವಾದಿಸಿದೆನು. “ಈ ಪ್ಲೇಟಿಗೆ ಮಾತ್ರ ಅಪ್ಪ ಕಡ್ಡಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸುತ್ತಿದ್ದರು. ನೀನು ಆಗ ಚಿಕ್ಕವನು” ಎಂದರು ಅಕ್ಕ. ಪ್ಲೇಟು 1925ಕ್ಕಿಂತ ಹಿಂದಿನದಾಗಿದ್ದರೆ ತೀರ್ಥರೂಪರವರೇ ಸರಿ. ಅಲ್ಲವಾದರೆ ಟ್ಯೂಬ್‌ಲೈಟು ಸರಿ. ಹೆಸರಿನ ಕಾಗದವಿದ್ದಿದ್ದರೆ ಹೇಳಬಹುದಾಗಿತ್ತು. ಅಕ್ಕನವರು ನನ್ನ ನಿರ್ಣಯಕ್ಕೆ ಕಾಯಲಿಲ್ಲ. ಒಂದು ಕೈಯಿಂದ ತಿದಿಯೊತ್ತುತ್ತ ಇನ್ನೊಂದು ಕೈಯಿಂದ ಕಡ್ಡಿಯನ್ನು ಮೆಲ್ಲನೆ ಸರಿಸಿದರು. ಐದನೆಯ ಮನೆಯೂ ಆಕೆಯ ಷಡ್ಜವೂ ಕೂಡಿಕೊಂಡುವು. ಆಮೇಲೆ ನಾನು ಎಣಿಸಿ ನೋಡಿದಾಗ 76 ಸುತ್ತು ಬಂದಿತು. ಕಡ್ಡಿಯು ನಿಂತಿದ್ದ ಸ್ಥಳದಲ್ಲಿ ಹಲಗೆಯ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕಿಟ್ಟಿದ್ದೇನೆ.